ಆಟ ಮುಗಿದ ಮೇಲಿನ ಅರ್ಧ ಗಂಟೆ

ನಮ್ಮ ಊರುಗಳ ರಥೋತ್ಸವವನ್ನು ಕಂಡವರಿಗೆಲ್ಲ ಒಂದು ಸಂಗತಿ ಚೆನ್ನಾಗಿ ತಿಳಿದಿರುವುದು. ಜಾತ್ರೆಗೆ ಬರತಕ್ಕ ಜನರು ಒಮ್ಮೆಲೇ ಬರುವುದಿಲ್ಲ. ಹಿಂದಿನ ದಿನವೇ ಗಾಡಿ ಹೂಡಿಕೊಂಡು ಬಂದು ತೋಪಿನಲ್ಲಿ ಬೀಡುಬಿಟ್ಟವರು ಕೆಲವರು. ಬೆಳಗಿನ ಜಾವದಲ್ಲಿಯೇ ಬುತ್ತಿ ಕಟ್ಟಿಕೊಂಡು ನಡೆದು ಬಂದವರು ಕೆಲವರು. ಹತ್ತು ಗಂಟೆಯ ಮೋಟಾರಿನಲ್ಲಿ ಬಂದಿಳಿದವರು ಮತ್ತೆ ಕೆಲವರು. ಆದರೆ ತೇರು ನೆಲೆ ಸೇರಿ ಮಂಗಳಾರತಿಯಾದೊಡನೆಯೇ ಅಷ್ಟು ಜನರಿಗೂ ಒಂದೇ ಗಳಿಗೆಯಲ್ಲಿ ಮನೆಯ ನೆನಪಾಗುತ್ತದೆ. ಆಗ ಬಸ್ಸು ನಿಲ್ಲುವ ಅರಳಿಕಟ್ಟೆಯ ಬಳಿ ಏನಾಗುವುದೆಂಬುದನ್ನು ಬಣ್ಣಿಸಬೇಕಾಗಿಲ್ಲ. ಕೈಕೂಸುಗಳ ಅಳು, ಮುದುಕರ ಕೂಗು, ಜಾಗ ಹಿಡಿಯಲು ಕಿಟಕಿಯಿಂದ ಒಳಕ್ಕೆ ಎಸೆದ ಅಂಗವಸ್ತ್ರ, ಇವೆಲ್ಲ ನಮ್ಮ ವಾಚಕರಲ್ಲಿ ಅನೇಕರಿಗೆ ಸ್ವಾನುಭವದ ವಿಷಯಗಳೇ ಆಗಿವೆ.

ಇದೇ ತೊಡಕು ಪಾಶ್ಚಾತ್ಯ ದೇಶಗಳ ಕಾಲ್ಚೆಂಡಿನ ಅಂಗಣಗಳ ಸುತ್ತ ಹದಿನೈದು ದಿನಗಳಿಗೊಮ್ಮೆ ಹೆಚ್ಚುಕಡಿಮೆ ತಪ್ಪದೆ ಉಂಟಾಗುತ್ತದೆ. ವರುಷಕ್ಕೊಂದು ಜಾತ್ರೆಯಾದರೆ ಹೇಗೋ ಸಹಿಸಬಹುದು. ಇಂಗ್ಲೆಂಡಿನ ಮೊದಲನೆಯ ದರ್ಜೆಯ ಲೀಗಿನಲ್ಲಿ ಇಪ್ಪತ್ತು ತಂಡಗಳಿರುವುವು. ಒಂದೊಂದು ತಂಡವೂ ತನ್ನ ಸ್ವಂತ ಅಂಗಣದಲ್ಲಿ ವರುಷಕ್ಕೆ ೧೯ ಲೀಗ್ ಪಂದ್ಯಗಳನ್ನಾಡುವುದು. ಇತರ ಪಂದ್ಯಗಳು ಬೇರೆ. ದೊಡ್ಡ ಅಂಗಣವಾದರೆ ಅರುವತ್ತು ಸಾವಿರ ಮಂದಿ ನೆರೆಯುವರು. ಈ ಅಂಗಣಗಳಲ್ಲಿ ಅನೇಕವು ಊರಾಚೆಯ ಬಯಲಿನಲ್ಲಿಲ್ಲ. ಸಾಲು ಮನೆಗಳ ನಡುವೆ, ಇಕ್ಕಟ್ಟಾದ ಬೀದಿಗಳ ನಡುವೆ ಇವೆ. ಪ್ರೇಕ್ಷಕರು ಎರಡು ಮೂರು ಗಂಟೆಗಳ ಅವಧಿಯಲ್ಲಿ ಒಬ್ಬೊಬ್ಬರಾಗಿ ಬಂದು ಸೇರುವರು. ಕಡೆಯ ಸೀಟಿ ಊದಿದೊಡನೆ ಎಲ್ಲರೂ ಒಟ್ಟಿಗೆ ಎದ್ದು ನಿಲ್ಲುವರು. ಆಟದ ಸೊಬಗನ್ನೂ ಆಟಗಾರರ ಚಮತ್ಕಾರವನ್ನೂ ಕುರಿತು ಬರೆಯುವವರು ಬಹಳ ಮಂದಿ ಇದ್ದಾರೆ. ಆಟ ಮುಗಿದ ಮೇಲಿನ ಆ ಅರ್ಧ ಗಂಟೆಯನ್ನು ಕುರಿತು ಬರೆಯುವವರು ವಿರಳ. ಅದಕ್ಕಾಗಿಯೇ ಈ ಲೇಖನ.

ಲಂಡನ್ ಮಹಾನಗರದ ವಾಯವ್ಯ ದಿಕ್ಕಿನಲ್ಲಿ ವೆಂಬ್ಲಿ ಎಂಬ ಸ್ಥಳವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೆಟ್ರೊಪಾಲಿಟನ್ ರೈಲ್ವೆಯ ಅಧ್ಯಕ್ಷರಾಗಿದ್ದ ಸರ್ ಎಡ್ವರ್ಡ್ ವಾಟ್ಕಿನ್ ಎಂಬವರಿಗೆ ಒಂದು ವಿಚಿತ್ರವಾದ ಹಂಬಲ ಹುಟ್ಟಿತು. ಪ್ಯಾರಿಸ್ಸಿನ ಐಫೆಲ್ ಗೋಪುರವನ್ನು ಮೀರಿಸುವ ಗೋಪುರವೊಂದನ್ನು ಇಲ್ಲಿ ನಿಲ್ಲಿಸಿ, ಸುತ್ತಲೂ ವಿಹಾರವನವನ್ನು ಮಾಡಿ, ಜನರನ್ನು ತಮ್ಮ ರೈಲಿನಲ್ಲಿಯೇ ಅಲ್ಲಿಗೆ ಕರೆತರಬೇಕೆಂಬುದೇ ಆ ಹಂಬಲ. ಗೋಪುರವು ಮೊದಲನೆಯ ಅಂತಸ್ತಿಗೆ ಏರಿ ನಿಂತುಹೋಯಿತು. ೧೯೦೭ರ ಹೊತ್ತಿಗೆ ಅದನ್ನು ಕೆಡವಿಯೂ ಹಾಕಿದರು. ಆದರೆ ಅದಕ್ಕಾಗಿ ಕಟ್ಟಿದ ವೆಂಬ್ಲಿ ಪಾರ್ಕ್ ಎಂಬ ರೈಲು ನಿಲ್ದಾಣ ಮಾತ್ರ ಉಳಿಯಿತು. ಆ ನಿಲ್ದಾಣವು ಮೊಟ್ಟಮೊದಲು ಬಾಗಿಲು ತೆರೆದದ್ದು ೧೮೯೩ನೆಯ ಅಕ್ಟೋಬರ್ ೧೪ರಂದು. ಪ್ರತಿದಿನದ ಪ್ರಯಾಣಿಕರಿಗಾಗಿ ಅಲ್ಲ. ವಿಹಾರವನದಲ್ಲಿ ಶನಿವಾರಗಳಂದು ನಡೆಯುತ್ತಿದ್ದ ಕಾಲ್ಚೆಂಡಿನ ಪಂದ್ಯಗಳಿಗಾಗಿ. ಎಲ್ಲರ ಉಪಯೋಗಕ್ಕೂ ಅದು ತೆರೆದದ್ದು ಮರುವರ್ಷದ ಮೇ ತಿಂಗಳಲ್ಲಿ. ಊರು ಹುಟ್ಟುವುದಕ್ಕಿಂತ ಮೊದಲೇ ಆಟದ ಗುಂಪಿಗಾಗಿ ನಿಲ್ದಾಣ ಹುಟ್ಟಿತೆಂದರೆ ತಪ್ಪಾಗಲಾರದು.

ಗೋಪುರವಿದ್ದ ಸ್ಥಳದಲ್ಲಿಯೇ ಮುಂದೆ ಸಾಮ್ರಾಜ್ಯ ಪ್ರದರ್ಶನಕ್ಕಾಗಿ ಒಂದು ಭಾರಿಯ ಕ್ರೀಡಾಂಗಣ ಎದ್ದಿತು. ಮುನ್ನೂರು ದಿನಗಳಲ್ಲಿ ಅದನ್ನು ಕಟ್ಟಿ ಮುಗಿಸಿದರೆಂದು ಆಗ ಬಹಳ ಹೊಗಳಿಕೆಯಾಯಿತು. ಸುಮಾರು ಒಂದೂಕಾಲು ಲಕ್ಷ ಮಂದಿಗೆ ಅದರಲ್ಲಿ ಸ್ಥಳವಿತ್ತು. ೧೯೨೩ನೆಯ ಏಪ್ರಿಲ್ ೨೮ರ ಶನಿವಾರದಂದು ಅಲ್ಲಿ ಮೊದಲನೆಯ ಪಂದ್ಯ; ಎಫ್.ಎ. ಕಪ್ಪಿನ ಕಡೆಯ ಸುತ್ತು; ಬೋಲ್ಟನ್ ವಾಂಡರರ್ಸ್ ತಂಡಕ್ಕೂ ಲಂಡನ್ನಿನ ವೆಸ್ಟ್ ಹ್ಯಾಮ್ ಯುನೈಟೆಡ್ ತಂಡಕ್ಕೂ. ಸ್ಥಳ ಧಾರಾಳವಾಗಿದೆಯೆಂಬ ಧೈರ್ಯದಿಂದ ಎಲ್ಲರಿಗೂ ಮುಂಗಡವಾಗಿ ಟಿಕೆಟ್ಟು ಕೊಡುವ ಏರ್ಪಾಡನ್ನು ಮಾಡಿರಲಿಲ್ಲ; ಬಾಗಿಲಿನಲ್ಲಿ ದುಡ್ಡು ಕೊಟ್ಟು ಒಳಹೋಗಬಹುದಾಗಿತ್ತು. ಆ ದಿನ ಬಿಸಿಲು ಹಿತವಾಗಿತ್ತು. ಆಡುವ ತಂಡಗಳಲ್ಲೊಂದು ಅದೇ ನಗರದ್ದು. ರೈಲಿನ ಸೌಕರ್ಯವೋ ಹೇರಳ. ಅದೇ ದಿನ ಅಂಗಣದ ಮಗ್ಗುಲಿಗೆ ಮತ್ತೊಂದು ರೈಲ್ವೆಯವರು ಹೊಸ ನಿಲ್ದಾಣವನ್ನು ತೆರೆದರು. ಅದನ್ನು ಕೊರಳ ಸರದಂತೆ ಸುತ್ತಿ ಬರುವ ಹಳಿಯ ಮೇಲೆ ಕಟ್ಟಿದ್ದರು. ಬಂದ ಬಂಡಿಯು ಎಂಜಿನನ್ನು ಹಿಂದುಮುಂದು ಮಾಡುವ ಗೋಜಿಲ್ಲದೆ ಜನರನ್ನಿಳಿಸಿ ಹಾಗೆಯೇ ಸುತ್ತಿಕೊಂಡು ಮರಳಿ ಹೋಗಬಹುದಾಗಿತ್ತು. ಯಂತ್ರಶಾಸ್ತ್ರದ ದೃಷ್ಟಿಯಿಂದ ಇದಕ್ಕಿಂತ ಜಾಣ್ಮೆಯ ಏರ್ಪಾಡು ಬೇಕೆ?

ಆ ಜಾಣ್ಮೆಯೇ ಆ ದಿನ ವಿಪರೀತಕ್ಕೆ ಎಡೆಯಾಯಿತು. ಬಾಗಿಲುಗಳನ್ನು ಹನ್ನೊಂದೂವರೆ ಗಂಟೆಗೆ ತೆರೆದರು. ಮಧ್ಯಾಹ್ನ ಒಂದೂ ಮುಕ್ಕಾಲು ಗಂಟೆಗೆಲ್ಲ ಒಳಗಡೆ ತುಂಬಿತೆಂದು ಮುಚ್ಚಬೇಕಾಯಿತು. ಸುದ್ದಿಯನ್ನು ರೈಲು ನಿಲ್ದಾಣಗಳಿಗೆ ತಿಳಿಸಿದರೂ ಹೊರಟಿದ್ದ ಜನರು ಬರುತ್ತಲೇ ಇದ್ದರು. ಮುಂದಿನವನಿಗೆ ಬಾಗಿಲು ಮುಚ್ಚಿರುವುದು ಕಾಣುತ್ತದೆ. ಅವನ ಹಿಂದೆ ನೂರು ಗಜ ದೂರದಲ್ಲಿರುವವನಿಗೆ ಕಾಣುವುದಿಲ್ಲ. ಆಗತಾನೆ ಬಂಡಿಯಿಂದಿಳಿದವನಿಗಂತೂ ಏನೂ ತಿಳಿಯದು. ಎರಡೂಕಾಲು ಗಂಟೆಗೆ ಹೊರಗಿನ ಗುಂಪು ತಡೆಗಳನ್ನು ಮುರಿದು ಒಳನುಗ್ಗಿತು. ಲೆಕ್ಕಕ್ಕೆ ಬಂದವರು ೧,೨೬,೦೪೭. ನಿಜವಾಗಿ ಇದ್ದವರು ಎರಡು ಲಕ್ಷಕ್ಕೆ ಕಡಿಮೆಯಿಲ್ಲವೆಂದೂ ಇನ್ನೂ ಹೆಚ್ಚೆಂದೂ ಅಂದಾಜು ಮಾಡಿದ್ದಾರೆ. ಬೋಲ್ಟನ್ ತಂಡದ ಆಟಗಾರರೇ ದಾರಿಯಲ್ಲಿ ಸಿಕ್ಕಿಕೊಂಡ ತಮ್ಮ ಮೋಟಾರನ್ನು ಬಿಟ್ಟು ಕೊನೆಯ ಒಂದು ಮೈಲಿಯನ್ನು ನಡೆದು ಬರಬೇಕಾಯಿತು. ಆಟದ ಹುಲ್ಲಿನ ಮೇಲೆ ಎಲ್ಲಿ ನೋಡಿದರೂ ಜನ. ಅಶ್ವಾರೋಹಿ ಪೋಲೀಸರು ಮೆಲ್ಲಮೆಲ್ಲನೆ ಜನರನ್ನು ಗೆರೆಯ ಆಚೆಗೆ ಸರಿಸುವಷ್ಟರಲ್ಲಿ ಮೂರು ಗಂಟೆಗೆ ಆರಂಭವಾಗಬೇಕಾಗಿದ್ದ ಆಟ ಮುಕ್ಕಾಲು ಗಂಟೆ ತಡವಾಯಿತು. ಅವರಲ್ಲಿ ಜಾರ್ಜ್ ಸ್ಕೋರಿ ಎಂಬ ಪೇದೆಯೂ ಅವನ ಬಿಲ್ಲಿ ಎಂಬ ಕುದುರೆಯೂ ಇಂದಿಗೂ ಪ್ರಸಿದ್ಧರು. ಕುದುರೆಯ ಬಣ್ಣ ನಿಜವಾಗಿ ಬೂದಿ. ಅಂದಿನ ಛಾಯಾಚಿತ್ರಗಳಲ್ಲಿ ಅದು ಬೆಳ್ಳಗೆ ಕಂಡುದರಿಂದ ಆ ಪಂದ್ಯಕ್ಕೆ ಬಿಳಿಯ ಕುದುರೆಯ ಪಂದ್ಯವೆಂದೇ ಹೆಸರಾಯಿತು. ಸ್ಕೋರಿಗೆ ಕಾಲ್ಚೆಂಡಿನಾಟದಲ್ಲಿ ಅಷ್ಟೇನೂ ಆಸಕ್ತಿಯಿರಲಿಲ್ಲವೆಂಬುದು ಕಥೆಯ ಸ್ವಾರಸ್ಯ. ನೂರಾರು ಮಂದಿಗೆ ಗಾಯಗಳಾದರೂ ಯಾರೂ ಸಾಯಲಿಲ್ಲ. ಮರುವರ್ಷದಿಂದ ಆ ಕಡೆಯ ಪಂದ್ಯಕ್ಕೆ ಮುಂಗಡ ಟಿಕೆಟ್ಟಿಲ್ಲದವರಿಗೆ ಪ್ರವೇಶವಿಲ್ಲವೆಂದು ವಿಧಿಸಿದರು.

ಹೀಗೆ ಸಾರಿಗೆಯ ಏರ್ಪಾಡು ಕಡಿಮೆಯಾದರೆ ಮಾತ್ರವಲ್ಲ, ಅತಿಶಯವಾಗಿ ಚೆನ್ನಾಗಿದ್ದರೂ ಅಪಾಯ ಉಂಟು. ಬಂಡಿಗೂ ಬಾಗಿಲಿಗೂ ಮಾತುಕತೆಯಿಲ್ಲದಿದ್ದಲ್ಲಿ ಬಂಡಿಯು ತಂದು ಸುರಿಯುತ್ತಲೇ ಇರುತ್ತದೆ. ಇದನ್ನು ಪರದೇಶದ ಹಳೆಯ ಕಥೆಯೆಂದು ಓದಿ ಮುಗಿಸುವ ಭಾಗ್ಯ ನಮಗಿಲ್ಲ. ವೆಂಬ್ಲಿಯ ಆ ದಿನದಿಂದ ನೂರೆರಡು ವರುಷಗಳ ತರುವಾಯ, ೨೦೨೫ನೆಯ ಜೂನ್ ೪ರಂದು, ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ಹನ್ನೊಂದು ಮಂದಿ ಪ್ರಾಣ ಬಿಟ್ಟರು. ಅದು ಕಾಲ್ಚೆಂಡಿನ ಪಂದ್ಯವಲ್ಲ, ಕ್ರಿಕೆಟ್ ವಿಜಯದ ಉತ್ಸವ. ಆದರೆ ಗುಂಪಿನ ಧರ್ಮ ಒಂದೇ. ಮೂವತ್ತೈದು ಸಾವಿರ ಮಂದಿ ಹಿಡಿಸುವ ಅಂಗಣಕ್ಕೆ ಅದರ ಹಲವು ಪಾಲು ಜನ ಬಂದರು. ಅಂದು ನಮ್ಮ ಮೆಟ್ರೊ ರೈಲು ಒಂಬತ್ತು ಲಕ್ಷಕ್ಕೂ ಮಿಕ್ಕ ಪ್ರಯಾಣಿಕರನ್ನು ಹೊತ್ತಿತು. ಆವರೆಗೆ ಯಾವ ಒಂದು ದಿನವೂ ಅಷ್ಟು ಜನರನ್ನು ಅದು ಹೊತ್ತಿರಲಿಲ್ಲ. ಅಂಗಣಕ್ಕೆ ಸಮೀಪದ ಕಬ್ಬನ್ ಪಾರ್ಕ್ ಮತ್ತು ವಿಧಾನಸೌಧ ನಿಲ್ದಾಣಗಳಲ್ಲಿ ಬಂಡಿ ನಿಲ್ಲಿಸುವುದನ್ನು ಬಿಟ್ಟಾಗ ಜನಸಾಗರವು ಆಗಲೇ ಮೇಲೆ ಬೀದಿಯಲ್ಲಿತ್ತು. ಪ್ರವೇಶಕ್ಕೆ ಟಿಕೆಟ್ಟು ಬೇಕೆ ಬೇಡವೆ ಎಂಬುದರಲ್ಲಿಯೇ ಅನೇಕರಿಗೆ ಗೊಂದಲವಿತ್ತು. ಮನೆಯಿಂದ ನಗುನಗುತ್ತ ಹೊರಟ ಮಕ್ಕಳ ವಿಷಯವಾದುದರಿಂದ ಇದನ್ನು ಬರೆಯುವಾಗ ಲೇಖನಿ ಹಿಂಜರಿಯುತ್ತದೆ.

ಬರುವಾಗಿನ ಸಂಕಟ ಇದಾದರೆ ಹಿಂದಿರುಗುವಾಗಿನದು ಬೇರೆ ಬಗೆಯದು, ಮತ್ತು ಹೆಚ್ಚು ಮೋಸದ್ದು. ಏಕೆಂದರೆ ಆಗ ಎಲ್ಲರೂ ಕಾವಲನ್ನು ಸಡಿಲಿಸಿರುತ್ತಾರೆ. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ ರೇಂಜರ್ಸ್ ತಂಡದ ಇಬ್ರಾಕ್ಸ್ ಅಂಗಣವಿದೆ. ಆ ನಗರದ ಸುರಂಗ ರೈಲು ೧೮೯೬ರಷ್ಟು ಹಳೆಯದು. ನಗರವನ್ನು ಬಳೆಯಂತೆ ಒಂದೇ ಸುತ್ತು ಸುತ್ತಿ ಬರುತ್ತದೆ. ಹಳಿಗಳ ನಡುವಣ ಅಗಲ ನಾಲ್ಕೇ ಅಡಿ, ಸುರಂಗದ ಅಗಲ ಹನ್ನೊಂದೇ ಅಡಿ. ಗಾಡಿಗಳು ಆಟಿಕೆಯಂತೆ ಚಿಕ್ಕವು. ಅಂಗಣದ ಸಮೀಪದ ನಿಲ್ದಾಣಕ್ಕೆ ಆಗ ಕೋಪ್ಲೆಂಡ್ ರೋಡ್ ಎಂದು ಹೆಸರು. ಈಗ ಇಬ್ರಾಕ್ಸ್ ಎಂದೇ ಕರೆಯುತ್ತಾರೆ. ಅಂಗಣದಿಂದ ಆ ನಿಲ್ದಾಣದ ಕಡೆಗೆ ಇಳಿಯುವ ಮೆಟ್ಟಿಲುಸಾಲಿಗೆ ಹದಿಮೂರನೆಯ ಸಂಖ್ಯೆ. ರೈಲಿಗೆ ಹತ್ತಿರವೆಂಬ ಒಂದೇ ಕಾರಣದಿಂದ ಜನರು ಇತರ ಮೆಟ್ಟಿಲುಗಳಿಗಿಂತ ಅದನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತಿದ್ದರು. ಒಬ್ಬನಿಗಿಂತ ಒಬ್ಬನು ಮೊದಲು ಗಾಡಿ ಹಿಡಿಯಬೇಕಲ್ಲವೆ! ೧೯೬೧ರಲ್ಲಿ ಆ ಮೆಟ್ಟಿಲುಗಳ ಮೇಲೆ ಇಬ್ಬರು ಸತ್ತರು. ೧೯೬೭ರಲ್ಲಿಯೂ ೧೯೬೯ರಲ್ಲಿಯೂ ಅಲ್ಲಿಯೇ ಹಲವರಿಗೆ ಗಾಯಗಳಾದುವು.

೧೯೭೧ನೆಯ ಜನವರಿ ೨ರಂದು ರೇಂಜರ್ಸ್ ತಂಡಕ್ಕೂ ಅದರ ಹಳೆಯ ಎದುರಾಳಿ ಸೆಲ್ಟಿಕ್ ತಂಡಕ್ಕೂ ಪಂದ್ಯ. ಕಡೆಯ ನಿಮಿಷಗಳಲ್ಲಿ ಸೆಲ್ಟಿಕ್ಕಿನವರು ಒಂದು ಗೋಲು ಹೊಡೆದರು. ಸೀಟಿ ಊದುವುದಕ್ಕೆ ಸ್ವಲ್ಪ ಮುಂಚೆ ರೇಂಜರ್ಸಿನವರೂ ಒಂದು ಹೊಡೆದು ಸರಿಸಮ ಮಾಡಿದರು. ಹದಿಮೂರನೆಯ ಮೆಟ್ಟಿಲುಸಾಲಿನಲ್ಲಿ ಇಳಿಯುತ್ತಿದ್ದ ಗುಂಪಿನಲ್ಲಿ ಯಾರೋ ಎಡವಿದರು. ಹಿಂದಿನಿಂದ ಬರುವವರಿಗೆ ಮುಂದೆ ಬಿದ್ದವರು ಕಾಣರು. ಉಕ್ಕಿನ ಕಂಬಿಗಳಿಂದ ಭಾಗಮಾಡಿದ ಆ ಓಣಿಗಳಲ್ಲಿ ಒಮ್ಮೆ ಹೊಕ್ಕರೆ ಪಕ್ಕಕ್ಕೆ ಸರಿಯುವಂತೆಯೂ ಇರಲಿಲ್ಲ. ೬೬ ಮಂದಿ ಸತ್ತರು. ಅವರಲ್ಲಿ ಬಹುಮಂದಿ ಎಳೆಯರು. ಹೊರಟಿದ್ದವರು ಗೋಲಿನ ಕೂಗು ಕೇಳಿ ಹಿಂದಕ್ಕೆ ತಿರುಗಿದ್ದರಿಂದ ಹೀಗಾಯಿತೆಂದು ಮೊದಲು ಜನ ಆಡಿಕೊಂಡರು. ವಿಚಾರಣೆಯಲ್ಲಿ ಆ ಮಾತು ನಿಲ್ಲಲಿಲ್ಲ. ಎಲ್ಲರೂ ಒಂದೇ ದಿಕ್ಕಿಗೆ, ಮನೆಯ ದಿಕ್ಕಿಗೆ ನಡೆಯುತ್ತಿದ್ದವರು. ಯಾರೂ ಜಗಳವಾಡಲಿಲ್ಲ, ಯಾರೂ ಕುಡಿದು ಕುಣಿಯಲಿಲ್ಲ. ರೈಲಿಗೆ ಹೊರಟಿದ್ದರು, ಅಷ್ಟೆ.

ಈ ದುರಂತದ ಅನಂತರ ಬ್ರಿಟನ್ನಿನ ಸರಕಾರವು ೧೯೭೩ರಲ್ಲಿ ಕ್ರೀಡಾಂಗಣಗಳ ಸುರಕ್ಷಿತತೆಯ ಕೈಪಿಡಿಯೊಂದನ್ನು ಹೊರಡಿಸಿತು. ೧೯೭೫ರಲ್ಲಿ ಕಾನೂನನ್ನೂ ಮಾಡಿತು. ಹಸಿರು ಕೈಪಿಡಿಯೆಂದು ಹೆಸರಾದ ಆ ಪುಸ್ತಕದ ೨೦೦೮ರ ಆವೃತ್ತಿಯಲ್ಲಿ ನಡೆಯುವ ಮನುಷ್ಯನ ಲೆಕ್ಕವಿದೆ. ಒಂದು ಮೀಟರು, ಎಂದರೆ ಮೂರೂಕಾಲು ಅಡಿ, ಅಗಲವಾದ ಸಮತಟ್ಟಾದ ದಾರಿಯಲ್ಲಿ ನಿಮಿಷಕ್ಕೆ ೮೨ ಮಂದಿ ಸಾಗಬಹುದು. ಅಷ್ಟೇ ಅಗಲದ ಮೆಟ್ಟಿಲುಗಳ ಮೇಲಾದರೆ ೬೬ ಮಂದಿ. ಇದಕ್ಕಿಂತ ಹೆಚ್ಚು ಮಂದಿಯನ್ನು ತುರುಕಿದರೆ ಹೆಚ್ಚು ಮಂದಿ ಹೊರಬೀಳುವುದಿಲ್ಲ, ನಡಿಗೆಯೇ ಕಟ್ಟಿಕೊಳ್ಳುತ್ತದೆ. ಅಕ್ಕಿಯ ಚೀಲದ ಬಾಯಿಗೆ ಕೈಯಿಟ್ಟು ಒತ್ತಿದವರಿಗೆ ಇದು ಗೊತ್ತಿರುವ ವಿದ್ಯೆ. ಮತ್ತೊಂದು ನಿಯಮವೂ ಅಲ್ಲಿದೆ: ಸಾಮಾನ್ಯವಾದ ದಿನದಲ್ಲಿ ಪ್ರೇಕ್ಷಕರೆಲ್ಲರೂ ತಮ್ಮ ಸ್ಥಳಗಳನ್ನು ಬಿಟ್ಟು ಧಾರಾಳವಾಗಿ ಸಾಗುವ ಹೊರದಾರಿಯನ್ನು ಎಂಟು ನಿಮಿಷಗಳೊಳಗಾಗಿ ಸೇರತಕ್ಕದ್ದು. ಹೆಚ್ಚು ಹೊತ್ತಾದರೆ ಜನರಿಗೆ ಅಸಹನೆ ಹುಟ್ಟಿ ನೂಕಾಟಕ್ಕೆ ತೊಡಗುವರು.

ನಿಯಮ ಒಳ್ಳೆಯದೇ. ಆದರೆ ಅದನ್ನು ರೈಲಿನ ಪಕ್ಕದಲ್ಲಿಟ್ಟು ನೋಡಬೇಕು. ೨೦೦೭ರಲ್ಲಿ ತೆರೆದ ಹೊಸ ವೆಂಬ್ಲಿ ಅಂಗಣಕ್ಕೆ ೯೦,೦೦೦ ಮಂದಿ ಹಿಡಿಸುವರು. ಎಂಟು ನಿಮಿಷಗಳಲ್ಲಿ ಅವರು ಹೊರಗೆ ಬಂದರೆ ನಿಮಿಷಕ್ಕೆ ೧೧,೨೫೦ ಮಂದಿಯಾಯಿತು. ಆ ಅಂಗಣಕ್ಕಾಗಿ ಬಹಳ ಹಣ ಸುರಿದು ಹಿಗ್ಗಿಸಿದ ವೆಂಬ್ಲಿ ಪಾರ್ಕ್ ನಿಲ್ದಾಣವು ಗಂಟೆಗೆ ಸುಮಾರು ೩೭,೫೦೦ ಮಂದಿಯನ್ನು ಸಾಗಿಸಬಲ್ಲುದು. ಎಂದರೆ ನಿಮಿಷಕ್ಕೆ ೬೨೫. ಒಂದಕ್ಕೆ ಹದಿನೆಂಟರ ಅಂತರ! ಎಲ್ಲರೂ ಆ ಒಂದೇ ನಿಲ್ದಾಣಕ್ಕೆ ಹೋಗುವುದಾದರೆ ಕಡೆಯವನು ಬಂಡಿ ಹತ್ತುವುದಕ್ಕೆ ಎರಡು ಗಂಟೆ ಇಪ್ಪತ್ತನಾಲ್ಕು ನಿಮಿಷ ಹಿಡಿದೀತು. ಹಾಗಾಗದಿರುವುದು ಅಲ್ಲಿ ಇನ್ನೆರಡು ನಿಲ್ದಾಣಗಳೂ ಮೋಟಾರು ಬಸ್ಸುಗಳೂ ಇರುವುದರಿಂದ. ಆದರೂ ಅಂತರ ಅಂತರವೇ. ಅಂಗಣದೊಳಗಿನ ಅಪಾಯವನ್ನು ತಪ್ಪಿಸಲು ಬಾಗಿಲುಗಳನ್ನು ಎಷ್ಟೆಷ್ಟು ಅಗಲಿಸಿದರೋ ಅಷ್ಟಷ್ಟು ಭಾರವು ಹೊರಗಿನ ಬೀದಿಯ ಮೇಲೆಯೂ ನಿಲ್ದಾಣದ ಮೆಟ್ಟಿಲುಗಳ ಮೇಲೆಯೂ ಬಿತ್ತು. ಒಂದು ಕಡೆಯ ಸುಧಾರಣೆಯು ಮತ್ತೊಂದು ಕಡೆಯ ಸಂಕಟ. ಬಂಡಿಗಳನ್ನು ಹೆಚ್ಚಿಸಿದರೆ ಸರಿಹೋಗುವುದೆಂದು ಪತ್ರಿಕೆಗಳಿಗೆ ಕಾಗದ ಬರೆಯುವ ಮಹನೀಯರು ಈ ಲೆಕ್ಕವನ್ನು ನೋಡಬೇಕು. ಒಂದು ಸುರಂಗ ಬಂಡಿಯಲ್ಲಿ ಇಕ್ಕಟ್ಟಾಗಿ ನಿಂತರೂ ಹೆಚ್ಚುಕಡಿಮೆ ಸಾವಿರ ಮಂದಿಗೆ ಸ್ಥಳ. ಎರಡು ನಿಮಿಷಕ್ಕೊಂದರಂತೆ ಬಿಟ್ಟರೂ ಒಂದು ಹಳಿಯಲ್ಲಿ ನಿಮಿಷಕ್ಕೆ ಐನೂರು. ಬಸ್ಸಿನಲ್ಲಿಯಾದರೆ, ಎರಡಂತಸ್ತಿನದಾದರೂ, ಎಂಬತ್ತು ತೊಂಬತ್ತು ಮಂದಿ. ಐದು ಸಾವಿರ ಜನರಿಗೆ ಅರುವತ್ತು ಬಸ್ಸು ಬೇಕು, ಆ ಅರುವತ್ತಕ್ಕೆ ನಿಲ್ಲಲು ಬೀದಿ ಬೇಕು, ಆ ಬೀದಿಯ ತುಂಬ ಜನರೇ ಇರುತ್ತಾರೆ.

ಆದುದರಿಂದ ಅನುಭವಶಾಲಿಗಳಾದ ರೈಲ್ವೆಯವರು ಬಂಡಿಗಿಂತ ಹೆಚ್ಚಾಗಿ ದಾರಿಯ ಕಡೆಗೆ ಗಮನ ಕೊಟ್ಟರು. ಇದಕ್ಕೆ ಉತ್ತರ ಲಂಡನ್ನಿನ ಆರ್ಸೆನಲ್ ನಿಲ್ದಾಣ ಒಳ್ಳೆಯ ನಿದರ್ಶನ. ೧೯೦೬ರಲ್ಲಿ ಗಿಲೆಸ್ಪಿ ರೋಡ್ ಎಂಬ ಹೆಸರಿನಿಂದ ತೆರೆದ ಈ ಚಿಕ್ಕ ನಿಲ್ದಾಣದ ಪಕ್ಕಕ್ಕೆ ೧೯೧೩ರಲ್ಲಿ ಆರ್ಸೆನಲ್ ತಂಡ ಬಂದು ನೆಲಸಿತು. ಆ ತಂಡದ ವ್ಯವಸ್ಥಾಪಕನಾದ ಹರ್ಬರ್ಟ್ ಚಾಪ್‌ಮನ್ ಎಂಬವನು ರೈಲ್ವೆಯವರನ್ನು ಒಪ್ಪಿಸಿ ೧೯೩೨ರಲ್ಲಿ ನಿಲ್ದಾಣಕ್ಕೆ ತನ್ನ ತಂಡದ ಹೆಸರನ್ನೇ ಇಡಿಸಿದನು. ಟಿಕೆಟ್ಟುಗಳು, ನಕ್ಷೆಗಳು, ಫಲಕಗಳು ಎಲ್ಲವನ್ನೂ ತಿದ್ದಬೇಕಾಯಿತು; ಕಾಸಿಲ್ಲದೆ ಕೀರ್ತಿ ಪಡೆಯುವ ಉಪಾಯ ಇದಕ್ಕಿಂತ ಮತ್ತೊಂದಿಲ್ಲ. ಈ ನಿಲ್ದಾಣದಲ್ಲಿ ಎತ್ತುವ ಯಂತ್ರವೂ ಇಲ್ಲ, ಚಲಿಸುವ ಮೆಟ್ಟಿಲೂ ಇಲ್ಲ. ಇಳಿಜಾರಾದ ಉದ್ದನೆಯ ಓಣಿಯೊಂದೇ ಬಂಡಿಯ ಬಳಿಗೆ ಒಯ್ಯುತ್ತದೆ. ಆ ಓಣಿಯ ಉದ್ದಕ್ಕೂ ನೆಲದಿಂದ ಚಾವಣಿಯವರೆಗೆ ಬೇಲಿಯೊಂದನ್ನು ಹಾಕಿ ಒಂದು ಪಕ್ಕ ಅಗಲವಾಗಿಯೂ ಇನ್ನೊಂದು ಪಕ್ಕ ಕಿರಿದಾಗಿಯೂ ಬೇರ್ಪಡಿಸಿದ್ದಾರೆ. ಆಟಕ್ಕೆ ಮುಂಚೆ ಅಗಲವಾದ ಪಕ್ಕ ಬರುವವರಿಗೆ. ಆಟವಾದ ಮೇಲೆ ಅದೇ ಪಕ್ಕ ಹೋಗುವವರಿಗೆ. ಎದುರು ದಿಕ್ಕಿನ ನಾಲ್ಕು ಮಂದಿಗೆ ಕಿರಿದಾದ ಸಂದು. ಕಡಲಿನ ಉಬ್ಬರವಿಳಿತವನ್ನು ನೋಡಿ ಕಲಿತಂತಿರುವ ಈ ಯುಕ್ತಿಗೆ ಖರ್ಚಾದದ್ದು ಒಂದು ಬೇಲಿ.

೨೦೦೬ರಲ್ಲಿ ಆರ್ಸೆನಲ್ ತಂಡವು ಸಮೀಪದಲ್ಲಿಯೇ ಅರುವತ್ತು ಸಾವಿರಕ್ಕೂ ಹೆಚ್ಚು ಮಂದಿ ಕೂಡಬಹುದಾದ ಹೊಸ ಅಂಗಣಕ್ಕೆ ಹೋಯಿತು. ಅದರ ಮಗ್ಗುಲಲ್ಲಿ ಹಾಲೊವೇ ರೋಡ್ ಎಂಬ ಮತ್ತೊಂದು ಸುರಂಗ ನಿಲ್ದಾಣವಿದೆ. ೧೯೦೬ರಲ್ಲಿ ಅಲ್ಲಿ ಸುರುಳಿಸುರುಳಿಯಾಗಿ ಚಲಿಸುವ ಮೆಟ್ಟಿಲನ್ನು ಪ್ರಯೋಗಕ್ಕಾಗಿ ಇಟ್ಟರಂತೆ. ಸಾರ್ವಜನಿಕರು ಅದನ್ನು ಹತ್ತುವ ಯೋಗ ಬರಲೇ ಇಲ್ಲ. ಈಗ ಅಲ್ಲಿ ಎತ್ತುವ ಯಂತ್ರಗಳೇ ಮುಖ್ಯ. ತೊಟ್ಟಿಲಿನಂತಹ ಆ ಯಂತ್ರಗಳಿಂದ ಸಾವಿರಾರು ಮಂದಿಯನ್ನು ಇಳಿಸುವುದು ಆಗದ ಮಾತು. ಹೊಸ ಅಂಗಣದೊಡನೆ ನಿಲ್ದಾಣವನ್ನೂ ಹಿಗ್ಗಿಸುವ ಯೋಚನೆಯಿತ್ತು. ಖರ್ಚಿನ ಅಂದಾಜನ್ನು ನೋಡಿ ಕೈಬಿಟ್ಟರು. ಆದಕಾರಣ ಪಂದ್ಯದ ದಿನ ಅಂಗಣಕ್ಕೆ ಬಹಳ ಹತ್ತಿರವಾದ ಆ ನಿಲ್ದಾಣವನ್ನೇ ಆಟ ಮುಗಿಯುವ ಹೊತ್ತಿಗೆ ಮುಚ್ಚಿಬಿಡುವ ಪದ್ಧತಿ ಬಂದಿತು. ಎದುರಿಗೇ ಬಾಗಿಲು ಕಾಣುತ್ತಿದ್ದರೂ ಜನರು ಮೈಲಿಯಷ್ಟು ನಡೆದು ಬೇರೆ ಬೇರೆ ನಿಲ್ದಾಣಗಳಿಗೆ ಹಂಚಿಹೋಗಬೇಕು. ಹೊಸಬರು ಬೈಯುತ್ತಾರೆ. ಆದರೆ ಇಬ್ರಾಕ್ಸಿನ ಹದಿಮೂರನೆಯ ಮೆಟ್ಟಿಲುಸಾಲನ್ನು ನೆನೆದುಕೊಂಡರೆ ಹತ್ತಿರದ ಬಾಗಿಲನ್ನು ಮುಚ್ಚುವುದರ ಅರ್ಥ ಹೊಳೆಯುತ್ತದೆ. ನಡೆಯುವ ದಾರಿ ಉದ್ದವಾದಷ್ಟೂ ಗುಂಪು ತೆಳ್ಳಗಾಗುತ್ತದೆ. ಬೇಗ ನಡೆಯುವವರು ಮುಂದಾಗುವರು, ಮುದುಕರು ಹಿಂದಾಗುವರು, ಹಸಿದವರು ನಡುವೆ ಅಂಗಡಿಗೆ ನುಗ್ಗುವರು.

ಖರ್ಚಿನ ವಿಷಯದಲ್ಲಿ ರೈಲ್ವೆಯವರನ್ನು ನಿಂದಿಸುವುದೂ ಅಷ್ಟು ನ್ಯಾಯವಲ್ಲ. ಮದುವೆಯ ಮೂರು ದಿನಕ್ಕಾಗಿ ಯಾರೂ ಮನೆಗೆ ಹತ್ತು ಕೋಣೆ ಕಟ್ಟಿಸುವುದಿಲ್ಲ, ಚಪ್ಪರ ಹಾಕುತ್ತಾರೆ. ವರುಷದಲ್ಲಿ ಇಪ್ಪತ್ತು ಮೂವತ್ತು ದಿನ, ಆ ದಿನದಲ್ಲಿಯೂ ಎರಡು ಗಂಟೆ ಮಾತ್ರ ಬೇಕಾಗತಕ್ಕ ಮೆಟ್ಟಿಲುಗಳನ್ನೂ ಬಂಡಿಗಳನ್ನೂ ಉಳಿದ ದಿನಗಳಲ್ಲಿ ಸುಮ್ಮನೆ ನಿಲ್ಲಿಸಿ ಸಾಕುವವರು ಯಾರು? ಟಿಕೆಟ್ಟಿನ ಹಣವೆಲ್ಲ ತಂಡಕ್ಕೆ ಹೋಗುತ್ತದೆ, ಗುಂಪನ್ನು ಹೊರುವ ಭಾರ ಪ್ರತಿದಿನದ ಪ್ರಯಾಣಿಕರ ತೆರಿಗೆಗೆ ಬೀಳುತ್ತದೆ ಎಂಬ ತಕರಾರು ಎಲ್ಲ ದೇಶಗಳಲ್ಲಿಯೂ ಇದೆ. ಜರ್ಮನರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಅಲ್ಲಿನ ಅನೇಕ ತಂಡಗಳ ಪಂದ್ಯದ ಟಿಕೆಟ್ಟೇ ಆ ದಿನ ಊರಿನ ಟ್ರಾಂ, ಬಸ್ಸು, ರೈಲುಗಳಿಗೂ ಸಲ್ಲುತ್ತದೆ. ಅದರ ಬೆಲೆಯಲ್ಲಿ ಒಂದು ಪಾಲು ಸಾರಿಗೆಯವರಿಗೆ. ನಿಲ್ದಾಣದಲ್ಲಿ ಟಿಕೆಟ್ಟಿಗಾಗಿ ಸಾಲು ನಿಲ್ಲುವ ತಾಪತ್ರಯವೂ ತಪ್ಪಿತು, ಸ್ವಂತ ಕಾರು ತರುವವರೂ ಕಡಿಮೆಯಾದರು. ನಮಗೆ ಇದು ಮೆಚ್ಚಿಕೆಯಾಗಿದೆ.

ನಮ್ಮ ದೇಶದಲ್ಲಿ ಕಾಲ್ಚೆಂಡಿನ ಹುಚ್ಚು ಹಿಡಿದ ನಗರವೆಂದರೆ ಕಲ್ಕತ್ತ. ಅಲ್ಲಿನ ಹಳೆಯ ತಂಡಗಳ ಅಂಗಣಗಳು ಊರ ನಡುವಣ ಮೈದಾನದಲ್ಲಿ ಎಸ್ಪ್ಲನೇಡಿನ ಸಮೀಪದಲ್ಲಿದ್ದುವು; ಟ್ರಾಂ ಬಂಡಿಗಳೂ ಬಸ್ಸುಗಳೂ ಎಲ್ಲ ದಿಕ್ಕುಗಳಿಂದ ಬಂದು ಕೂಡುವ ಸ್ಥಳ ಅದು. ೧೯೮೪ರಲ್ಲಿ ಊರಿನ ಪೂರ್ವದ ಅಂಚಿನ ಸಾಲ್ಟ್ ಲೇಕಿನಲ್ಲಿ ವಿಶಾಲವಾದ ಅಂಗಣವನ್ನು ಕಟ್ಟಿದರು. ಅದೇ ವರುಷ ಕಲ್ಕತ್ತೆಯಲ್ಲಿ ಭಾರತದ ಮೊದಲನೆಯ ಸುರಂಗ ರೈಲೂ ಓಡಲು ತೊಡಗಿತು. ಆದರೆ ಅದು ಈ ಅಂಗಣದ ಕಡೆಗೆ ಬರಲಿಲ್ಲ. ೧೯೯೭ನೆಯ ಜುಲೈ ೧೩ರಂದು ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ತಂಡಗಳ ಪಂದ್ಯಕ್ಕೆ ಅಲ್ಲಿ ೧,೩೧,೦೦೦ಕ್ಕೂ ಮಿಕ್ಕು ಜನ ಸೇರಿದರು. ಅಷ್ಟು ಜನರಿಗೂ ಬಸ್ಸು, ಲಾರಿ ಮತ್ತು ಕಾಲುಗಳೇ ಗತಿ. ಅಂಗಣದ ಹೆಸರಿನದೇ ಆದ ಮೆಟ್ರೊ ನಿಲ್ದಾಣವು ತೆರೆದದ್ದು ೨೦೨೦ನೆಯ ಫೆಬ್ರುವರಿಯಲ್ಲಿ; ಆ ರೈಲು ಮಾರ್ಗವು ಶಿಯಾಲ್ದಾ, ಎಸ್ಪ್ಲನೇಡುಗಳನ್ನು ಹಾದು ಗಂಗೆಯಾಚೆಯ ಹೌರಾದವರೆಗೆ ಎಡೆಬಿಡದೆ ಕೂಡಿಕೊಂಡದ್ದು ೨೦೨೫ರಲ್ಲಿ. ಅಷ್ಟರಲ್ಲಿ ಬೆಂಚುಗಳನ್ನು ತೆಗೆದು ಕುರ್ಚಿಗಳನ್ನು ಹಾಕಿಸಿದುದರಿಂದ ಅಂಗಣದ ಜನಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ರೈಲು ಬರುವ ವೇಳೆಗೆ ಗುಂಪೇ ಕರಗಿತ್ತೆಂದು ನಗುವುದೋ ಅಳುವುದೋ ತಿಳಿಯದು.

ರಾತ್ರಿಯ ಪಂದ್ಯಗಳ ಕಷ್ಟವನ್ನು ಇಲ್ಲಿಯೇ ಒಂದು ಮಾತಿನಲ್ಲಿ ಹೇಳಿಬಿಡೋಣ. ಹಗಲು ಮೂರು ಗಂಟೆಯ ಆಟವು ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತಿತ್ತು. ದೂರದರ್ಶನದ ಅನುಕೂಲಕ್ಕಾಗಿ ಈಗ ಎಷ್ಟೋ ಪಂದ್ಯಗಳು ರಾತ್ರಿ ಊಟದ ಹೊತ್ತಿಗೆ ಆರಂಭವಾಗುವುವು. ಕಪ್ಪಿನ ಪಂದ್ಯದಲ್ಲಿ ಸಮಸಮವಾದರೆ ಮೂವತ್ತು ನಿಮಿಷ ಹೆಚ್ಚಿಗೆ. ಆಗಲೂ ತೀರದಿದ್ದರೆ ಪೆನಾಲ್ಟಿ ಒದೆತಗಳು. ಕಡೆಯ ಬಂಡಿಯು ಮಾತ್ರ ಗೋಲಿಗಾಗಿ ಕಾಯುವುದಿಲ್ಲ. ಆದುದರಿಂದ ಮಕ್ಕಳನ್ನು ಕರೆದುಕೊಂಡು ಹೋದ ತಂದೆಯೊಬ್ಬನು ಆಟದ ಕೊನೆಯ ಹತ್ತು ನಿಮಿಷವನ್ನು ಗಡಿಯಾರ ನೋಡುವುದರಲ್ಲಿಯೇ ಕಳೆಯುತ್ತಾನೆ. ಎದ್ದು ಹೊರಟರೆ ಮಗ ಅಳುತ್ತಾನೆ. ಕುಳಿತರೆ ಮಗನ ತಾಯಿ ಮನೆಯಲ್ಲಿ ಬಾಗಿಲ ಬಳಿ ನಿಂತಿರುತ್ತಾಳೆ.

ವೆಂಬ್ಲಿಯಲ್ಲಿ ಈಗಿನ ಏರ್ಪಾಡನ್ನು ಹೇಳಿ ಮುಗಿಸುತ್ತೇವೆ. ಅಂಗಣದಿಂದ ವೆಂಬ್ಲಿ ಪಾರ್ಕ್ ನಿಲ್ದಾಣಕ್ಕೆ ನೇರವಾದ ಅಗಲವಾದ ನಡೆದಾರಿಯಿದೆ. ೧೯೪೮ರಲ್ಲಿ ಅ‌ಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳ ನೆನಪಿಗೆ ಅದನ್ನು ಒಲಿಂಪಿಕ್ ಮಾರ್ಗವೆನ್ನುತ್ತಾರೆ. ಆಟ ಮುಗಿದ ಮೇಲೆ ಆ ಮಾರ್ಗದುದ್ದಕ್ಕೂ ಜನರನ್ನು ಮಡಿಮಡಿಯಾಗಿ ನಿಲ್ಲಿಸುತ್ತಾರೆ. 'ನಿಲ್ಲಿ', 'ಹೊರಡಿ' ಎಂದು ಬರೆದ ಫಲಕಗಳನ್ನು ಹಿಡಿದ ಸೇವಕರು, ಕೆಲವೊಮ್ಮೆ ಕುದುರೆಯೇರಿದ ಪೋಲೀಸರು, ಒಂದು ತಂಡವನ್ನು ಬಿಟ್ಟು ಮುಂದಿನದನ್ನು ತಡೆಯುವರು. ನಿಲ್ದಾಣದ ಮೆಟ್ಟಿಲುಗಳ ಮೇಲೆ ನಿಲ್ಲಬೇಕಾದ ಗುಂಪು ಬಯಲಿನಲ್ಲಿ, ಆಕಾಶದ ಕೆಳಗೆ, ಎಡವಿದರೆ ಎದ್ದುಕೊಳ್ಳುವಷ್ಟು ಸ್ಥಳವಿರುವಲ್ಲಿ ನಿಲ್ಲುತ್ತದೆ. ಗೆದ್ದವರು ಹಾಡುತ್ತ ನಿಲ್ಲುವರು. ಸೋತವರು ಆಟದ ಮಧ್ಯೆಯೇ ಎದ್ದು ಮೊದಲಿನ ಬಂಡಿಗಳಲ್ಲಿ ಹೋಗಿರುವುದೂ ಉಂಟು. ಅಂಗಣದ ಮತ್ತೊಂದು ಮಗ್ಗುಲಲ್ಲಿರುವ ಚಿಕ್ಕ ರೈಲು ನಿಲ್ದಾಣದ ಕಡೆಗೆ ಹೋಗುವವರು ಹಳಿಗಳ ಮೇಲೆ ಕಟ್ಟಿದ ಒಂದು ಕಾಲುಸೇತುವೆಯನ್ನು ದಾಟಬೇಕು. ಹೊಸ ಅಂಗಣದೊಡನೆ ಅದನ್ನು ಕಟ್ಟಿದಾಗ ಏನು ಹೆಸರಿಡಬೇಕೆಂದು ಜನರನ್ನೇ ಕೇಳಿದರು. ಪ್ರಸಿದ್ಧರಾದ ಆಟಗಾರರ ಹೆಸರುಗಳಿಗೆ ಕೊರತೆಯಿರಲಿಲ್ಲ. ಜನರು ಆರಿಸಿದ್ದು ಬಿಳಿಯ ಕುದುರೆಯ ಸೇತುವೆಯೆಂಬ ಹೆಸರನ್ನು.